ಕಾರಿನವರನ್ನ ‘ಕೇಜರ್’ ಅನ್ನೋದು ಬೇಕಾ? ಸೈಕಲ್ ಸವಾರರ ಒಳಮಾತುಗಳನ್ನ ಇಲ್ಲಿ ಕೂಡಿಸಿ

ಮೂರನೇ_ಗೇರ್
ಕಾರು ಓಡಿಸೋರ ಬಗ್ಗೆ ಸೈಕಲ್ ಗುಂಪುಗಳಲ್ಲಿ ಓಡಾಡೋ ಪದಗಳನ್ನ ಒಂದು ಕಡೆ ಸೇರಿಸೋಣ ಅಂತ. ಕೇಜರ್, ಸ್ಮಿಡ್ಸಿ, ಎಂಜಿಐಎಫ್, ಪನಿಶ್‌ಮೆಂಟ್ ಪಾಸ್, ಡೋರಿಂಗ್, ಹುಕ್. ಹೊಸಬರಿಗೆ ಅರ್ಧ ತಲೆಗೆ ಹೋಗಲ್ಲ, ಕೇಳೋಕೆ ಸಂಕೋಚ. ಕೇಜರ್ ಅಂದ್ರೆ ಪಂಜರದೊಳಗೆ ಕೂತವನು. ಅಮೆರಿಕದ ಮೋಟರ್‌ಸೈಕಲ್‌ನವರ ಮಾತು, ಆಮೇಲೆ ಪೆಡಲ್ ತುಳಿಯೋರೂ ಹಿಡ್ಕೊಂಡ್ರು.

ನನ್ನ ಲೆಕ್ಕದಲ್ಲಿ ಗಾಡಿ ಏನು ಮಾಡ್ತು ಅಂತ ಹೇಳೋ ಪದ ರಸ್ತೇಲಿ ಉಪಯೋಗಕ್ಕೆ ಬರುತ್ತೆ. ಓಡಿಸೋನು ಎಂಥವನು ಅಂತ ಹೇಳೋ ಪದದಿಂದ ನಯಾಪೈಸೆ ಲಾಭ ಇಲ್ಲ. ಒಪ್ಪದೇ ಇರೋರು ಬನ್ನಿ.

ಒಂಟಿಚಕ್ರ
ಒಪ್ಪಲ್ಲ ಗುರು. 2019ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಲೆಕ್ಸಾ ಡೆಲ್ಬೋಸ್ಕ್ ತಂಡ ಒಂದು ಸಮೀಕ್ಷೆ ಮಾಡಿತ್ತು. ಒಂದು ತುದಿಗೆ ವಾನರ ಇಲ್ಲವೇ ಜಿರಳೆ, ಇನ್ನೊಂದು ತುದಿಗೆ ಪೂರ್ತಿ ಮನುಷ್ಯ. ಇದರಲ್ಲಿ ಸೈಕಲ್ ಸವಾರ ಎಲ್ಲಿ ನಿಲ್ತಾನೆ ಅಂತ ಕೇಳಿದ್ರು. ಸೈಕಲ್ ತುಳಿಯದವರಲ್ಲಿ 55% ಜನ ಪೂರ್ತಿ ಮನುಷ್ಯನಿಗಿಂತ ಕೆಳಗೇ ನಿಲ್ಸಿದ್ರು. ಅವರು ಜಿರಳೆ ಸಾಲಿಗೆ ಸೇರಿಸಬಹುದು, ನಾವು ಪಂಜರ ಅನ್ನಬಾರದಾ?

ಲೆಕ್ಕದ_ಪುಸ್ತಕ
ಅರ್ಧ ಓದಿ ನಿಲ್ಸಿದ್ದೀರಿ. ಅದೇ ಸಮೀಕ್ಷೆಯಲ್ಲಿ ಸೈಕಲ್ ತುಳಿಯೋರಲ್ಲೂ 30% ಜನ ಹಾಗೇ ಅಂದಿದ್ರು. ಉತ್ತರ ಕೊಟ್ಟವರು ಒಟ್ಟು 442 ಜನ, ಅದನ್ನೂ ನೆನಪಿಟ್ಕೊಳ್ಳಿ. ಮುಖ್ಯ ವಿಷಯ ಇನ್ನೊಂದಿದೆ. ಹಾಗೆ ಕೆಳಗೆ ನಿಲ್ಲಿಸಿದವರು ಸವಾರರ ಜೊತೆ ಜಗಳಗಂಟಿಯಾಗಿ ನಡ್ಕೊಂಡಿದ್ದೀವಿ ಅಂತಾನೂ ಹೆಚ್ಚಾಗಿ ಒಪ್ಪಿಕೊಂಡಿದ್ರು. ಎದುರಿನವನನ್ನ ಮನುಷ್ಯ ಅಂತ ಎಣಿಸದಿದ್ರೆ ಕೈಕಾಲು ಸುಮ್ಮನಿರಲ್ಲ. ಅದು ಎರಡೂ ಕಡೆಗೆ ಸಲ್ಲುತ್ತೆ.

ಒಂಟಿಚಕ್ರ
ಒಂದೂವರೆ ಟನ್ ಕಬ್ಬಿಣ ಇರೋದು ಮಾತ್ರ ಒಂದೇ ಕಡೆ.

ಪಂಚರ್_ಪ್ಯಾಚ್
ಎಂಜಿಐಎಫ್ ಯಾರೂ ಬಿಡಿಸಿ ಹೇಳಲಿಲ್ಲ. ‘ಮಸ್ಟ್ ಗೆಟ್ ಇನ್ ಫ್ರಂಟ್’, ಬ್ರಿಟನ್ನಿನ ಸವಾರರ ಮಾತು. ಮುಂದೆ ಸಿಗ್ನಲ್ ಕೆಂಪಗಿರೋದು ಕಣ್ಣಿಗೆ ಕಾಣ್ತಾ ಇರುತ್ತೆ, ಆದ್ರೂ ಸೈಕಲ್ ದಾಟಲೇಬೇಕು. ಲೆಕ್ಕ ಹಾಕಿ: ಸಿಗ್ನಲ್‌ಗೆ 200 ಮೀಟರ್ ಇದ್ರೆ ಗಂಟೆಗೆ 40 ಕಿ.ಮೀ.ನಲ್ಲಿ ಹೋಗೋ ಕಾರಿಗೆ 18 ಸೆಕೆಂಡ್, 20ರಲ್ಲಿ ಹೋಗೋ ಸೈಕಲ್‌ಗೆ 36. ಆ 18 ಸೆಕೆಂಡ್ ಉಳಿಸಿ ಕೆಂಪು ದೀಪದ ಕೆಳಗೆ ನಿಂತು ಖರ್ಚು ಮಾಡ್ತಾರೆ. ಅಷ್ಟರಲ್ಲಿ ಸೈಕಲ್ ಪಕ್ಕದಿಂದ ಬಂದು ಮತ್ತೆ ಮುಂದೆ ನಿಲ್ಲುತ್ತೆ. ಹಸಿರಾದ ಮೇಲೆ ಅದೇ ಕಾರು ಅದೇ ಸೈಕಲ್ಲನ್ನ ಇನ್ನೊಂದು ಸಲ ದಾಟಬೇಕು, ಈ ಸಲ ಸಿಟ್ಟು ಸೇರಿಸಿ.

ಪನಿಶ್‌ಮೆಂಟ್ ಪಾಸ್ ಅಂದ್ರೆ ಈ ಸಿಟ್ಟಿನ ಮುಂದಿನ ಹಂತ. ಪಕ್ಕದಲ್ಲಿ ಲೇನ್ ಖಾಲಿ ಇದ್ರೂ ಬೇಕಂತಲೇ ಮೈಗೆ ಸವರಿಕೊಂಡು ಹೋಗೋದು, ‘ನಿನಗೆ ಪಾಠ ಕಲಿಸ್ತೀನಿ’ ಅಂತ. ಜಾಗ ಅಂದಾಜಾಗದೆ ಹತ್ತಿರ ಬಂದ್ರೆ ಅದು ಬರೀ ಕ್ಲೋಸ್ ಪಾಸ್. ಇವೆರಡನ್ನ ಕಲಸಬೇಡಿ. ದೂರು ಕೊಡುವಾಗ ಉದ್ದೇಶ ಏನಿತ್ತು ಅನ್ನೋದೇ ದೊಡ್ಡ ಪ್ರಶ್ನೆಯಾಗುತ್ತೆ.

ಸ್ಟಿಯರಿಂಗ್_ಹಿಂದೆ
ಕಾರು ಓಡಿಸೋರ ಕಡೆಯಿಂದ ಒಂದು ಮಾತು. ಅಂಚಿನಲ್ಲಿ ಜಾಗ ಇದ್ರೂ ಲೇನ್ ನಡುವೆ ಸೈಕಲ್ ಹೊಡೀತಾರಲ್ಲ, ಅದಕ್ಕೆ ಏನು ಹೆಸರು ಇಟ್ಟಿದ್ದೀರಿ?

ಪಂಚರ್_ಪ್ಯಾಚ್
ಪ್ರೈಮರಿ ಪೊಸಿಷನ್. ಅಮೆರಿಕದಲ್ಲಿ ‘ಟೇಕಿಂಗ್ ದಿ ಲೇನ್’. ದುರಹಂಕಾರ ಅಂತ ನಿಮ್ಮ ಕಡೆಯ ಹೆಸರು 🙂

ಬ್ರೇಕ್_ವೈರ್
@ಸ್ಟಿಯರಿಂಗ್_ಹಿಂದೆ ಸಾರ್, ಲೆಕ್ಕ ಸರಳ. ಕಾರಿನ ಅಗಲ ಕನ್ನಡಿ ಸೇರಿ ಸುಮಾರು 2 ಮೀಟರ್. ಸವಾರನ ಅಗಲ 0.7. ನಡುವೆ ಬಿಡಬೇಕಾದ್ದು 1.5, ಅಂಚಿನಿಂದ ಸವಾರನಿಗೆ ಅರ್ಧ ಮೀಟರ್. ಕೂಡಿದ್ರೆ 4.7. ಲೇನ್ ಅಗಲ ಸಾಮಾನ್ಯವಾಗಿ 3ರಿಂದ 3.5 ಮೀಟರ್. ಅಂದ್ರೆ ಸವಾರ ಎಷ್ಟೇ ಅಂಚಿಗೆ ಹೋದ್ರೂ ಅದೇ ಲೇನಲ್ಲಿ ನೆಟ್ಟಗೆ ದಾಟೋಕೆ ಆಗಲ್ಲ, ಪಕ್ಕದ ಲೇನಿಗೆ ಬರಲೇಬೇಕು. ಅಂಚಿಗೆ ಅಂಟಿಕೊಂಡ್ರೆ ‘ಹೇಗೋ ನುಸುಳಬಹುದು’ ಅಂತ ಹಿಂದಿನವರಿಗೆ ಅನಿಸುತ್ತೆ. ನಡುವೆ ಇದ್ರೆ ಆ ಅನುಮಾನಕ್ಕೆ ಜಾಗವೇ ಇಲ್ಲ.

ಇಡೀ ಹೊತ್ತು ನಡುವೆ ಇರಬೇಕು ಅಂತಲ್ಲ. ಬ್ರಿಟನ್ನಿನ ಹೈವೇ ಕೋಡ್‌ಗೆ (ಅಲ್ಲಿನ ರಸ್ತೆ ನಿಯಮಗಳ ಪುಸ್ತಕ) 2022ರ ಜನವರಿ 29ರಂದು ಬಂದ ತಿದ್ದುಪಡಿಯಲ್ಲಿ ನಿಯಮ 72 ಇದನ್ನೇ ಹೇಳುತ್ತೆ: ಗಾಡಿ ಕಡಿಮೆ ಇರೋ ರಸ್ತೆ, ನಿಧಾನದ ಟ್ರಾಫಿಕ್, ಜಂಕ್ಷನ್ ಹತ್ತಿರ ಬಂದಾಗ, ರಸ್ತೆ ಕಿರಿದಾಗೋ ಕಡೆ ಲೇನ್ ನಡುವೆ. ವೇಗದ ಗಾಡಿಗಳಿರೋ ರಸ್ತೇಲಿ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಟ್ಟು. ನಿಯಮ 163 ಕಾರಿನವರಿಗೆ: ಗಂಟೆಗೆ 30 ಮೈಲಿವರೆಗೆ ಕನಿಷ್ಠ 1.5 ಮೀಟರ್, ಅದಕ್ಕಿಂತ ವೇಗವಾದ್ರೆ ಇನ್ನೂ ಹೆಚ್ಚು. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5, ಊರಾಚೆ 2 ಮೀಟರ್.

ಸ್ಟಿಯರಿಂಗ್_ಹಿಂದೆ
ಲೆಕ್ಕ ಒಪ್ಪಿದೆ. ಆದ್ರೆ ಹಿಂದೆ ಹತ್ತು ಗಾಡಿ ಸಾಲುಗಟ್ಟಿದ ಮೇಲೂ ಪಕ್ಕಕ್ಕೆ ಬರದೇ ಇರೋರು ಇದ್ದಾರಲ್ಲ?

ಬ್ರೇಕ್_ವೈರ್
ಇದ್ದಾರೆ. ಅದು ಕೆಟ್ಟ ನಡತೆ. ಕಿರಿದು ಜಾಗ ಮುಗಿದ ಕೂಡಲೇ ಅಂಚಿಗೆ ಬಂದು ಬಿಟ್ಟುಕೊಡೋದು ಕೂಡ ಅದೇ ವಿದ್ಯೆಯ ಭಾಗ.

ಬೆಲ್_ಇಲ್ಲದವಳು
ಡೋರಿಂಗ್, ಅಂದ್ರೆ ನಿಂತ ಕಾರಿನ ಬಾಗಿಲು ಫಕ್ಕನೆ ತೆರೆದು ಸವಾರನಿಗೆ ತಗಲೋದು. ಅದರ ಬಗ್ಗೆ ಅಳತೆ ಸಮೇತ ಬರೀತೀನಿ, ಇದೊಂದು ಪದ ಗೊತ್ತಿದ್ರೆ ಮೂಳೆ ಉಳಿಯುತ್ತೆ.

ನಿಂತ ಕಾರಿನ ಮುಂಬಾಗಿಲು ಪೂರ್ತಿ ತೆರೆದ್ರೆ ಸುಮಾರು 1 ಮೀಟರ್ ಆಚೆ ಬರುತ್ತೆ. ಎರಡೇ ಬಾಗಿಲಿನ ಕಾರಾದ್ರೆ ಬಾಗಿಲು ಇನ್ನೂ ಉದ್ದ. ಅದಕ್ಕೆ ಹ್ಯಾಂಡಲ್‌ನ ಅರ್ಧ ಅಗಲ 30 ಸೆಂ.ಮೀ. ಸೇರಿಸಿ. ಚಕ್ರದ ಗೆರೆ ಕಾರಿನ ಮೈಯಿಂದ 1.3 ಮೀಟರ್ ಇದ್ರೆ ಕೂದಲೆಳೆಯಲ್ಲಿ ಪಾರು. 1.5 ಇಟ್ಕೊಂಡ್ರೆ ಬೆಚ್ಚಿಬಿದ್ದು ಒಂಚೂರು ವಾಲಿದ್ರೂ ತಗಲಲ್ಲ. ಈ ಒಂದೂವರೆ ಮೀಟರ್ ಪಟ್ಟಿಗೇ ‘ಡೋರ್ ಝೋನ್’ ಅನ್ನೋದು. ಸೈಕಲ್ ಲೇನ್ ಅಂತ ಬಿಳಿ ಗೆರೆ ಎಳೆದಿರೋ ಎಷ್ಟೋ ಕಡೆ ಆ ಲೇನೇ ಪೂರ್ತಿ ಡೋರ್ ಝೋನ್ ಒಳಗಿರುತ್ತೆ. ಗೆರೆ ಇದೆ ಅಂತ ನಂಬಬೇಡಿ.

ಬ್ರೇಕ್ ಹಾಕಿ ತಪ್ಪಿಸ್ಕೋತೀನಿ ಅನ್ನೋರಿಗೆ: 20 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 5.6 ಮೀಟರ್. ಬಾಗಿಲು ಕಂಡು ಕೈ ಬ್ರೇಕಿಗೆ ಹೋಗೋಷ್ಟರಲ್ಲಿ ಒಂದು ಸೆಕೆಂಡ್ ಮುಗೀತು. ಒಣ ರಸ್ತೇಲಿ ನಿಲ್ಲೋಕೆ ಇನ್ನೊಂದು ಮೂರ್ನಾಲ್ಕು ಮೀಟರ್. ಒಟ್ಟು 9, ಅಂದ್ರೆ ಎರಡು ಕಾರಿನ ಉದ್ದ. ಬಾಗಿಲು ತೆರೆಯೋದು ಯಾವಾಗಲೂ ಅದಕ್ಕಿಂತ ಹತ್ತಿರದಲ್ಲೇ.

ಇನ್ನು ಬಿದ್ದಾಗ ಏನಾಗುತ್ತೆ ಅಂತ. ಎದೆ ಹೋಗಿ ಬಾಗಿಲಿಗೆ ಬಡಿಯುತ್ತೆ ಅಂದ್ಕೋತಾರೆ. ಹೆಚ್ಚಾಗಿ ಹಾಗಾಗಲ್ಲ. ಹ್ಯಾಂಡಲ್‌ನ ತುದಿ ಬಾಗಿಲಿನ ಅಂಚಿಗೆ ಸಿಕ್ಕಿ, ಮುಂದಿನ ಚಕ್ರ ಫಕ್ಕನೆ ಕಾರಿನ ಕಡೆ ತಿರುಗುತ್ತೆ, ಮೈ ಮಾತ್ರ ಅದರ ವಿರುದ್ಧ, ಗಾಡಿಗಳು ಬರ್ತಾ ಇರೋ ಲೇನಿಗೆ ಎಸೆಯಲ್ಪಡುತ್ತೆ. ಬಾಗಿಲಿಗಿಂತ ಹಿಂದಿನಿಂದ ಬರೋ ಗಾಡಿಯೇ ಯಮ.

ನಿಂತ ಕಾರಲ್ಲಿ ನೋಡಬೇಕಾದ್ದು: ಹಿಂದಿನ ಗಾಜಿನಲ್ಲಿ ತಲೆ ಕಾಣ್ತಾ ಇದೆಯಾ, ಬ್ರೇಕ್ ದೀಪ ಈಗ ತಾನೇ ಆರಿತಾ, ಒಳಗಿನ ದೀಪ ಹತ್ತಿತಾ, ಮುಂದಿನ ಚಕ್ರ ರಸ್ತೆ ಕಡೆ ತಿರುಗಿದೆಯಾ.

ಗ್ರೀಸ್_ಕೈ
ಮೇಲಿನದಕ್ಕೆ ಕಾರಿನವರು ಮಾಡಬೇಕಾದ್ದು ಸೇರಿಸ್ತೀನಿ: ಡಚ್ ರೀಚ್. ಬಾಗಿಲಿಗೆ ಹತ್ತಿರದ ಕೈ ಬಿಟ್ಟು ಎಡಗೈಯಲ್ಲಿ ತೆರೆಯೋದು. ಆಗ ಭುಜ ತಿರುಗುತ್ತೆ, ತಲೆ ತಾನಾಗೇ ಹಿಂದೆ ನೋಡುತ್ತೆ.

ಬೆಲ್_ಇಲ್ಲದವಳು
ಎಡಗೈ ಅಂತ ಗಂಟು ಹಾಕಬೇಡಿ. ಬಾಗಿಲಿಗೆ ದೂರದ ಕೈ ಅನ್ನಿ. ಸ್ಟಿಯರಿಂಗ್ ಬಲಕ್ಕಿರೋ ಕಾರಲ್ಲಿ ಚಾಲಕನಿಗೆ ಎಡಗೈ, ಪಕ್ಕ ಕೂತವನಿಗೆ ಬಲಗೈ. ಸ್ಟಿಯರಿಂಗ್ ಎಡಕ್ಕಿದ್ರೆ ಎಲ್ಲಾ ಉಲ್ಟಾ. ಹಿಂದಿನ ಸೀಟಿನವರನ್ನಂತೂ ಎಲ್ಲರೂ ಮರೀತಾರೆ. ಟ್ಯಾಕ್ಸಿ ನಿಂತ ತಕ್ಷಣ ಫೋನ್ ನೋಡ್ತಾ ಬಾಗಿಲು ತಳ್ಳೋರು ಅವರೇ.

ಕರಾವಳಿ_ಚೈನ್
ಹುಕ್ ಬಾಕಿ ಉಂಟು ಮಾರಾಯ್ರೆ. ಕಾರು ನಿಮ್ಮನ್ನ ದಾಟಿ, ಕೂಡಲೇ ನಿಮ್ಮ ಎದುರೇ ಅಂಚಿನ ಕಡೆಗೆ ತಿರುಗಿದ್ರೆ ಹುಕ್. ರಸ್ತೆಯ ಎಡಕ್ಕೆ ಹೋಗುವ ದೇಶಗಳಲ್ಲಿ ಲೆಫ್ಟ್ ಹುಕ್, ಬಲಕ್ಕೆ ಹೋಗುವಲ್ಲಿ ರೈಟ್ ಹುಕ್. ಎದುರಿನಿಂದ ಬರುವ ಕಾರು ಅಡ್ಡ ತಿರುಗಿದ್ರೆ ಅದು ಕ್ರಾಸ್, ಹುಕ್ ಅಲ್ಲ.

ಕಾರಿನದ್ದು ಹೇಗೂ ತಪ್ಪಿಸಬಹುದು, ಲಾರಿಯ ಹುಕ್ ಬೇರೆಯೇ. ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಯಿಂದ ಮೂಲೆ ಕತ್ತರಿಸಿ ಬರ್ತವೆ. ಗಾಡಿ ಉದ್ದ ಆದಷ್ಟೂ ಹೆಚ್ಚು. ತಿರುಗುವ ಮೊದಲು ಲಾರಿ ಆಚೆ ಬದಿಗೆ ಸರಿದು ಅಂಚಿನಲ್ಲಿ ಜಾಗ ಬಿಟ್ಟಂತೆ ಕಾಣ್ತದೆ, ಸೈಕಲಿನವ ‘ಓ ದಾರಿ ಬಿಟ್ಟ’ ಅಂತ ಒಳಗೆ ನುಗ್ಗುವುದು. ಅದು ದಾರಿಯಲ್ಲ, ಬೋನು. ಸಿಗ್ನಲಿನಲ್ಲಿ ನಿಂತ ಲಾರಿಯ ಅಂಚಿನ ಬದಿಗೆ ಹೋಗಲೇಬೇಡಿ. ಹಿಂದೆಯೇ ನಿಲ್ಲಿ, ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣುವಷ್ಟು ದೂರ.

ಪೆಡಲ್_ಪುರಾಣ
ಯಾರಾದ್ರೂ ಸ್ಮಿಡ್ಸಿ ಹೇಳ್ರಪ್ಪಾ.

ಲೆಕ್ಕದ_ಪುಸ್ತಕ
‘ಸಾರಿ ಮೇಟ್, ಐ ಡಿಡಂಟ್ ಸೀ ಯು’ದ ಮೊದಲಕ್ಷರಗಳು. ಗುದ್ದಿದ ಮೇಲೆ ಕಾರಿಳಿದು ಬಂದು ಹೇಳೋ ಮೊದಲ ಮಾತು. ಸವಾರರು ಇದನ್ನ ಗೇಲಿಯಾಗಿ ಬಳಸ್ತಾರೆ, ಅಂದ್ರೆ ‘ಸುಳ್ಳು ನೆಪ’ ಅಂತ. ಇಲ್ಲೇ ನನಗೆ ತಕರಾರು. ಬಹಳ ಸಲ ಅದು ಸುಳ್ಳಲ್ಲ, ನಿಜವಾಗಿ ಕಂಡಿರಲ್ಲ. ಯಾಕೆ ಅಂತ ಗೊತ್ತಾದ್ರೆ ನಮಗೇ ಲಾಭ.

ವಿಂಡ್‌ಸ್ಕ್ರೀನ್ ಪಕ್ಕದ ಕಂಬ, ಅಂದ್ರೆ ಎ-ಪಿಲ್ಲರ್. ಗಾಡಿ ಮಗುಚಿದ್ರೆ ಛಾವಣಿ ಕುಸೀಬಾರದು ಅಂತ ಇದನ್ನ ಕಾಲಕ್ರಮೇಣ ದಪ್ಪ ಮಾಡ್ತಾ ಬಂದಿದ್ದಾರೆ. ಚಾಲಕನ ನೋಟದಲ್ಲಿ ಅದು 6 ಡಿಗ್ರಿ ಮರೆ ಮಾಡುತ್ತೆ ಅಂದ್ಕೊಳ್ಳಿ. 40 ಮೀಟರ್ ದೂರದಲ್ಲಿ ಆ ಮರೆಯ ಅಗಲ 4 ಮೀಟರ್ ದಾಟುತ್ತೆ. ಸೈಕಲ್‌ನ ಉದ್ದ 1.8 ಮೀಟರೂ ಇಲ್ಲ. ಹಿಂದೊಂದು ಮುಂದೊಂದು ಎರಡು ಸೈಕಲ್ ಮಾಯ.

ಸರಿ, ಒಂದು ಕ್ಷಣ ಮಾಯ ಆದ್ರೂ ಆಮೇಲೆ ಕಾಣಬೇಕಲ್ಲ? ಇಲ್ಲೇ ಎಡವಟ್ಟು. ಎರಡು ರಸ್ತೆ ಕೂಡೋ ಕಡೆಗೆ ಇಬ್ಬರೂ ವೇಗ ಬದಲಿಸದೆ ಬರ್ತಾ ಇದ್ದು, ಇಬ್ಬರೂ ಒಂದೇ ಹೊತ್ತಿಗೆ ಅಲ್ಲಿ ಮುಟ್ಟೋ ಹಾಗಿದ್ರೆ, ಚಾಲಕನಿಗೆ ಸವಾರ ಕಾಣೋ ಕೋನ ಕೊನೇವರೆಗೂ ಬದಲಾಗಲ್ಲ. ಲಂಬಕೋನದ ಕೂಡುರಸ್ತೇಲಿ ಕಾರು 60, ಸೈಕಲ್ 20 ಆದ್ರೆ ಆ ಕೋನ ಸುಮಾರು 18 ಡಿಗ್ರಿ, ಗುದ್ದೋವರೆಗೂ 18 ಡಿಗ್ರಿ. ಆ ದಿಕ್ಕಲ್ಲೇ ಕಂಬ ಇದ್ರೆ ಸವಾರ ಉದ್ದಕ್ಕೂ ಕಂಬದ ಹಿಂದೆಯೇ. ಹಡಗಿನವರಿಗೆ ಇದು ಹಳೇ ಪಾಠ: ದಿಕ್ಕು ಬದಲಾಗದೆ ಹತ್ತಿರವಾಗ್ತಾ ಇರೋ ಹಡಗು ಡಿಕ್ಕಿಯಾಗುತ್ತೆ. ಬ್ರಿಟನ್ನಿನ ನ್ಯೂ ಫಾರೆಸ್ಟ್‌ನಲ್ಲಿ ಇಪ್ಲೆ ಕ್ರಾಸ್ ಅಂತ ಜಾಗ ಇದೆ. ಸುತ್ತ ಬಯಲು, ಮರದ ಮರೆಯಿಲ್ಲ, ರಸ್ತೆಗಳು ಓರೆಯಾಗಿ ಕೂಡ್ತವೆ. ಅಷ್ಟು ಸ್ಪಷ್ಟವಾಗಿ ಕಾಣೋ ಕಡೆಯೇ ಸೈಕಲ್ ಸವಾರರು ಕಾರಿಗೆ ಸಿಕ್ಕು ಸತ್ತಿದ್ದಾರೆ.

ಧಾರವಾಡ_ಟೈರ್
ಭಾರಿ ಬರದೀರಿ. ಇದಕ್ಕ ಪರಿಹಾರನೂ ಹೇಳ್ರಿ ಮತ್ತ. ಕಾರಿನವರು ಜಂಕ್ಷನ್ ಬಂತಂದ್ರ ತಲಿ ಹಿಂದ-ಮುಂದ ಒಂದೀಟು ಆಡಿಸಬೇಕು, ಕಂಬದ ಆಚೆ-ಈಚೆ ಕಾಣತೈತಿ. ಸೈಕಲಿನವರು ವೇಗ ಬದಲಿಸಬೇಕು: ಎರಡು ಸಲ ಜೋರ ತುಳೀರಿ, ಇಲ್ಲಾ ತುಳಿಯೂದ ಬಿಡ್ರಿ. ಕೋನ ಬದಲಾತು, ಕಂಬದ ಹಿಂದಿಂದ ಹೊರಗ ಬಂದ್ರಿ.

ಇನ್ನೊಂದು. ‘ಕಣ್ಣಾಗ ಕಣ್ಣಿಟ್ಟ ನೋಡ್ರಿ’ ಅಂತ ಹೇಳ್ತಾರಲ್ರೀ, ಅದನ್ನ ನಂಬಬ್ಯಾಡ್ರಿ. ಮಾರಿ ನಿಮ್ಮ ಕಡೆ ಇದ್ರೂ ತಲಿ ಬ್ಯಾರೆ ಎಲ್ಲೋ ಇರತೈತಿ. ಕಾರಿನ ಮುಂದಿನ ಗಾಲಿ ನೋಡ್ರಿ. ಗಾಲಿಯ ಮ್ಯಾಲಿನ ಅಂಚು ಕಾರಿನ ಎರಡು ಪಟ್ಟು ವೇಗದಾಗ ಹೋಗತೈತಿ, ಕಾರು ಹೊಂಟದ್ದು ಬಾಡಿ ನೋಡೂಕ್ಕಿಂತ ಮೊದ್ಲ ಅಲ್ಲಿ ಗೊತ್ತಾಗತೈತಿ.

ಒಂಟಿಚಕ್ರ
ಅಂದ್ರೆ ಎಲ್ಲಾ ಎಚ್ಚರಿಕೆನೂ ಸೈಕಲ್‌ನವನ ತಲೆ ಮೇಲೆ. ಹೆಲ್ಮೆಟ್ ಹಾಕು, ಹೊಳೆಯೋ ಜಾಕೆಟ್ ಹಾಕು, ಗಾಲಿ ನೋಡು, ಜಾತಕ ನೋಡು. 2007ರಲ್ಲಿ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಸೈಕಲ್‌ಗೆ ಸೆನ್ಸರ್ ಕಟ್ಕೊಂಡು ಅಳೆದಿದ್ದ. ಹೆಲ್ಮೆಟ್ ಹಾಕಿದ್ದಾಗ ಕಾರುಗಳು ಸರಾಸರಿ 8.5 ಸೆಂ.ಮೀ. ಇನ್ನೂ ಹತ್ತಿರದಿಂದ ದಾಟಿದ್ವು. ಉದ್ದ ಕೂದಲಿನ ವಿಗ್ ಹಾಕ್ಕೊಂಡಾಗ ಜಾಸ್ತಿ ಜಾಗ ಕೊಟ್ರು.

ಲೆಕ್ಕದ_ಪುಸ್ತಕ
ಅದೇ ದತ್ತಾಂಶವನ್ನ 2013ರಲ್ಲಿ ಓಲಿವಿಯರ್, ವಾಲ್ಟರ್ ಮತ್ತೆ ಲೆಕ್ಕ ಹಾಕಿದ್ರು. 1 ಮೀಟರ್‌ಗಿಂತ ಹತ್ತಿರ ಬಂದವು ಎಷ್ಟು ಅಂತ ನೋಡಿದ್ರೆ ಹೆಲ್ಮೆಟ್‌ನಿಂದ ವ್ಯತ್ಯಾಸ ಕಾಣಲ್ಲ ಅಂದ್ರು. ಆ ಜಗಳ ಇನ್ನೂ ಮುಗಿದಿಲ್ಲ, ಹೆಲ್ಮೆಟ್ ಬಿಡೋಕೆ ಅದನ್ನ ಕಾರಣ ಮಾಡ್ಕೋಬೇಡಿ. ವಾಕರ್‌ನ ಇನ್ನೊಂದು ಪ್ರಯೋಗ ಚೆನ್ನಾಗಿದೆ. ಬೇರೆ ಬೇರೆ ಬಟ್ಟೆ ಹಾಕಿ ಅಳೆದಾಗ, ‘ಪೊಲೀಸ್’ ಅಂತ, ಚಿತ್ರೀಕರಣ ನಡೀತಿದೆ ಅಂತ ಬರೆದಿದ್ದ ಜಾಕೆಟ್ ಒಂದಕ್ಕೇ ಒಂಚೂರು ಹೆಚ್ಚು ಜಾಗ ಸಿಕ್ತು. ಅದೇ ಥರ ಕಾಣೋ ‘ಪೊಲೈಟ್’ ಅಂತ ಬರೆದಿದ್ದ ಜಾಕೆಟ್‌ಗೆ ಏನೂ ಸಿಗಲಿಲ್ಲ.

ಪೆಡಲ್_ಪುರಾಣ
ಕಾಗುಣಿತ ಓದಿ ಓವರ್‌ಟೇಕ್ ಮಾಡ್ತಾರೆ ಅಂದ್ರೆ ಕಣ್ಣಂತೂ ಚೆನ್ನಾಗಿದೆ 😂

ಸ್ಟಿಯರಿಂಗ್_ಹಿಂದೆ
ಕಣ್ಣು ಚೆನ್ನಾಗಿರೋದು ನಿಮ್ಮ ದೀಪ ಎದುರಾಗೋವರೆಗೆ ಮಾತ್ರ. ಸಾವಿರ ಲ್ಯುಮೆನ್ ದೀಪವನ್ನ ನೇರ ಕಣ್ಣಿಗೆ ಬಿಟ್ಕೊಂಡು ಬರ್ತೀರಿ, ಅದೂ ಪಟಪಟ ಮಿಣುಕಿಸ್ತಾ. ಮಿಣುಕೋ ದೀಪ ಎಷ್ಟು ದೂರದಲ್ಲಿದೆ ಅಂತ ಅಂದಾಜೇ ಸಿಗಲ್ಲ.

ಗ್ರೀಸ್_ಕೈ
ಇದು ನೂರಕ್ಕೆ ನೂರು ಸರಿ. ಜರ್ಮನಿಯಲ್ಲಿ ಸೈಕಲ್ ಮೇಲಿನ ಮಿಣುಕು ದೀಪಕ್ಕೆ ಅನುಮತಿಯೇ ಇಲ್ಲ, ಮೇಲಂಚು ಕತ್ತರಿಸಿದಂತಿರೋ ಬೆಳಕಿನ ದೀಪವೇ ಬೇಕು. ಹೊಂದಿಸೋ ರೀತಿ: ಸಮತಟ್ಟು ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಸಿ. ದೀಪ ನೆಲದಿಂದ 90 ಸೆಂ.ಮೀ. ಎತ್ತರದಲ್ಲಿದ್ರೆ ಗೋಡೆ ಮೇಲೆ ಬೆಳಕಿನ ನಡುಭಾಗ 45 ಸೆಂ.ಮೀ.ನಲ್ಲಿ ಬೀಳಬೇಕು. ಅಂದ್ರೆ 10 ಮೀಟರ್‌ಗೆ ನೆಲ ಮುಟ್ಟುತ್ತೆ. ನೀವು ಸೀಟಿನ ಮೇಲೆ ಕೂತೇ ನೋಡಬೇಕು, ಭಾರ ಬಿದ್ದಾಗ ಸಸ್ಪೆನ್ಶನ್ ಇರೋ ಸೈಕಲ್‌ನ ಮೂತಿ ಕೋನ ಬದಲಾಗುತ್ತೆ. ರಬ್ಬರ್ ಪಟ್ಟಿಯಲ್ಲಿ ಕಟ್ಟೋ ದೀಪಗಳು ಗುಂಡಿ ಹಾರಿದಾಗ ಮೇಲಕ್ಕೋ ಕೆಳಕ್ಕೋ ತಿರುಗಿರ್ತವೆ, ಹೊರಡೋ ಮೊದಲು ಒಂದು ಸಲ ಒತ್ತಿ ನೋಡಿ. ಹೆಲ್ಮೆಟ್ ದೀಪ ಕಾಡುದಾರಿಗೆ ಸರಿ, ಊರೊಳಗೆ ಆರಿಸಿ. ತಲೆ ತಿರುಗಿಸಿದ ಕಡೆಯೆಲ್ಲ ಒಬ್ಬರ ಕಣ್ಣು ಕುರುಡಾಗುತ್ತೆ.

ಮೂರನೇ_ಗೇರ್
ದೀಪ ಸಾಕು, ಪದಗಳಿಗೆ ಬನ್ನಿ. ನಮ್ಮವರನ್ನೇ ಬೈಯೋ ಪದಗಳೂ ಇವೆಯಲ್ಲ. ‘ಸಾಲ್ಮನ್’, ಹೊಳೆಯಲ್ಲಿ ಎದುರು ಈಜೋ ಮೀನಿನ ಹಾಗೆ ಟ್ರಾಫಿಕ್‌ಗೆ ಎದುರು ಬರೋರು. ‘ಶೋಲಿಂಗ್’, ಸಿಗ್ನಲ್‌ನಲ್ಲಿ ನಿಂತಿರೋ ಸವಾರರನ್ನೆಲ್ಲ ದಾಟಿ ಹೋಗಿ ಎಲ್ಲರ ಮುಂದೆ ನಿಲ್ಲೋದು.

ಬೆಲ್_ಇಲ್ಲದವಳು
ಶೋಲಿಂಗ್ ಮಾಡೋರೇ ಹಸಿರಾದಾಗ ಎಲ್ಲರಿಗಿಂತ ನಿಧಾನ. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಬೇಡ.

ಒಂಟಿಚಕ್ರ
@ಮೂರನೇ_ಗೇರ್ ಕೇಜರ್ ಬಿಡಿ, ‘ಕಾರ್ ಬ್ರೇನ್’ ಬಗ್ಗೆ ಏನಂತೀರಿ? ಅದು ವ್ಯಕ್ತಿಗೆ ಬೈಗುಳ ಅಲ್ಲ, ಕಾರಿಗಾದ್ರೆ ಎಲ್ಲಾ ನಡೆಯುತ್ತೆ ಅನ್ನೋ ಯೋಚನೆಯ ರೀತಿಗೆ. ಅದೇ ವಾಕರ್ 2023ರಲ್ಲಿ ‘ಮೋಟೋನಾರ್ಮೇಟಿವಿಟಿ’ ಅಂತ ಹೆಸರಿಟ್ಟು ಪ್ರಬಂಧ ಬರೆದ. ಜನ ದಟ್ಟವಾಗಿರೋ ಕಡೆ, ಬೇರೆಯವರು ಹೊಗೆ ಕುಡಿಯಬೇಕಾಗೋ ಹಾಗೆ ಸಿಗರೇಟ್ ಸೇದಬಾರದು ಅನ್ನೋದಕ್ಕೆ 75% ಜನ ಹೂಂ ಅಂದ್ರು. ಅದೇ ವಾಕ್ಯದಲ್ಲಿ ಸಿಗರೇಟ್ ತೆಗೆದು ಕಾರು ಹಾಕಿದಾಗ ಹೂಂ ಅಂದವರು 17%.

ಮೂರನೇ_ಗೇರ್
ಇದನ್ನ ಒಪ್ತೀನಿ. ಆದ್ರೆ ರಸ್ತೇಲಿ ಯಾರಿಗಾದ್ರೂ ‘ಕಾರ್ ಬ್ರೇನ್’ ಅಂತ ಕೂಗಿದ್ರೆ ಅವನಿಗೆ ಕೇಳೋದು ಬೈಗುಳವೇ.

ಬ್ರೇಕ್_ವೈರ್
ಕೂಗೋ ಬದಲು ಕ್ಯಾಮೆರಾ ಇಟ್ಕೊಳ್ಳಿ. ದೂರು ಬಿದ್ದುಹೋಗೋದು ಹೆಚ್ಚಾಗಿ ಇವುಗಳಿಂದ. ಒಂದು, ವೈಡ್ ಲೆನ್ಸ್ ಪಕ್ಕದ ಗಾಡಿಯನ್ನ ದೂರ ಮಾಡಿ ತೋರಿಸುತ್ತೆ, 60 ಸೆಂ.ಮೀ.ನಲ್ಲಿ ಹೋದದ್ದೂ ಆರಾಮಾಗಿ ಹೋದ ಹಾಗೆ ಕಾಣುತ್ತೆ. ಹ್ಯಾಂಡಲ್ ತುದಿಯೂ ರಸ್ತೆಯ ಗೆರೆಯೂ ಚೌಕಟ್ಟಿನಲ್ಲಿ ಬರೋ ಹಾಗೆ ಕೂರಿಸಿ, ಅಳತೆಗೆ ಆಧಾರ ಸಿಗುತ್ತೆ. ಎರಡು, ರಾತ್ರಿ ಎದುರು ಬೆಳಕಿಗೆ ನಂಬರ್ ಪ್ಲೇಟ್ ಬರೀ ಬಿಳಿ ಚೌಕ. ಅದಕ್ಕೆ ನಂಬರನ್ನ ಆ ಕೂಡಲೇ ಬಾಯಲ್ಲಿ ಜೋರಾಗಿ ಹೇಳಿ, ಮೈಕ್ ಹಿಡಿಯುತ್ತೆ. ಮೂರು, ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆ ಗಡಿಯಾರ ಹಿಂದಕ್ಕೆ ಹೋಗಿರುತ್ತೆ, ತಪ್ಪು ತಾರೀಕಿನ ವಿಡಿಯೋಗೆ ಬೆಲೆ ಇಲ್ಲ. ನಾಲ್ಕು, ಲೂಪ್ ರೆಕಾರ್ಡಿಂಗ್ ಹಳೇದನ್ನ ಅಳಿಸ್ತಾ ಹೋಗುತ್ತೆ, ಮನೆ ಮುಟ್ಟಿದ ದಿನವೇ ಫೈಲ್ ಎತ್ತಿಡಿ. ಮತ್ತೆ, ನೀವು ಬಾಯಿಗೆ ಬಂದ ಹಾಗೆ ಬೈದದ್ದೂ ಅದೇ ಮೈಕಲ್ಲಿ ಇರುತ್ತೆ.

ಕರಾವಳಿ_ಚೈನ್
ಬ್ರಿಟನ್ನಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಮಫ್ತಿಯಲ್ಲಿ ಸೈಕಲ್ ತುಳಿದು ಹಿಡಿಯಲಿಕ್ಕೆ ಶುರು ಮಾಡಿದ್ರು, ‘ಆಪರೇಷನ್ ಕ್ಲೋಸ್ ಪಾಸ್’ ಅಂತ. ಹತ್ತಿರದಿಂದ ದಾಟಿದವರನ್ನ ಮುಂದೆ ನಿಲ್ಲಿಸಿ, ನೆಲದ ಮೇಲೆ ಕಾರು-ಸೈಕಲಿನ ಅಂತರ ಬರೆದ ಚಾಪೆ ಹಾಸಿ ತೋರಿಸುವುದು. ದಂಡಕ್ಕಿಂತ ಆ ಚಾಪೆಯೇ ಹೆಚ್ಚು ಕೆಲಸ ಮಾಡೀತು ಅಂತ ನನ್ನ ಅಭಿಪ್ರಾಯ, ಎಷ್ಟೋ ಜನಕ್ಕೆ ಒಂದೂವರೆ ಮೀಟರ್ ಅಂದ್ರೆ ಎಷ್ಟು ಅಂತ ಕಣ್ಣಳತೆಯೇ ಇರುವುದಿಲ್ಲ.

ಪೆಡಲ್_ಪುರಾಣ
ಗುಂಪಲ್ಲಿ ಹೋಗುವಾಗ ‘ಕಾರ್ ಅಪ್’ ಅಂತ ಕೂಗ್ತಾರಲ್ಲ, ಕಾರು ಎಲ್ಲಿಂದ ಬರ್ತಿದೆ ಅಂತ ಅರ್ಥ?

ಗ್ರೀಸ್_ಕೈ
ಮುಂದಿನಿಂದ.

ಪಂಚರ್_ಪ್ಯಾಚ್
ಹಿಂದಿನಿಂದ.

ಲೆಕ್ಕದ_ಪುಸ್ತಕ
ಇಬ್ಬರದ್ದೂ ಸರಿ, ಅದೇ ತಾಪತ್ರಯ. ಅಮೆರಿಕದ ಗುಂಪುಗಳಲ್ಲಿ ಎದುರಿಗೆ ‘ಕಾರ್ ಅಪ್’, ಹಿಂದಿನದಕ್ಕೆ ‘ಕಾರ್ ಬ್ಯಾಕ್’. ಬ್ರಿಟನ್ನಿನ ಬಹಳ ಕ್ಲಬ್‌ಗಳಲ್ಲಿ ಹಿಂದಿನದಕ್ಕೆ ‘ಕಾರ್ ಅಪ್’, ಎದುರಿನದಕ್ಕೆ ‘ಕಾರ್ ಡೌನ್’. ಹೊಸ ಗುಂಪಿಗೆ ಸೇರಿದ್ರೆ ಹೊರಡೋ ಮೊದಲೇ ಕೇಳಿ.

ಬೆಲ್_ಇಲ್ಲದವಳು
ಕನ್ನಡದಲ್ಲಿ ‘ಹಿಂದೆ’, ‘ಮುಂದೆ’ ಅಂತ ಕೂಗಿದ್ರೆ ಆಯ್ತಲ್ಲ.

ಧಾರವಾಡ_ಟೈರ್
ಇಳಿಜಾರಿನಾಗ ಗಾಳಿ ಬಡಿಯೂ ಮುಂದ ‘...ಂದೆ’ ಅಷ್ಟ ಕೇಳಸ್ತೈತಿ ತಂಗೀ. ‘ಎದುರು ಗಾಡಿ’, ‘ಹಿಂದ ಗಾಡಿ’ ಅಂತ ಕೂಗ್ರಿ, ಹಿಂದಿನದನ್ನ ಕೊನೀಗಿದ್ದಾಂವ ಕೂಗಬೇಕು, ಎದುರಿಂದು ಮೊದಲಿದ್ದಾಂವ. ನಡುವಿನವರು ಸುಮ್ಮನ ಇರಬ್ಯಾಡ್ರಿ, ಕೇಳಿದ್ದನ್ನ ಮುಂದಿನವರಿಗೆ ದಾಟಿಸ್ರಿ. ಹತ್ತು ಮಂದಿ ಸಾಲಿನಾಗ ಒಬ್ಬಾಂವ ಬಾಯಿ ಮುಚ್ಚಿದ್ರ ಮಾತು ಅಲ್ಲೇ ನಿಲ್ಲತೈತಿ.